ಇಟಲಿಯ ಆಕ್ವಿ ಡಿವಿಷನ್: 1943ರ ಒಪ್ಪಂದವನ್ನು ‘ಕದನವಿರಾಮ’ ಎನ್ನಬಹುದೇ?

ಬಲ್ಲವರಿಗೆ ನಮಸ್ಕಾರ.

ಎರಡನೆಯ ಮಹಾಯುದ್ಧದಲ್ಲಿ ಗ್ರೀಸಿನ ಕೆಫಲೋನಿಯಾ ದ್ವೀಪದ ಕಾವಲಿಗಿದ್ದ ಇಟಲಿಯ 33ನೆಯ ಪದಾತಿ ಡಿವಿಷನ್ ‘ಆಕ್ವಿ’ಯ ಕುರಿತು ಲೇಖನವೊಂದನ್ನು ಬರೆಯುತ್ತಿದ್ದೇನೆ. ‘ಡಿವಿಷನ್’ ಪದವನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಆ ದ್ವೀಪವೊಂದರಲ್ಲೇ ಹನ್ನೊಂದು ಸಾವಿರಕ್ಕೂ ಹೆಚ್ಚು ಸೈನಿಕರಿದ್ದರು. ಅದನ್ನು ‘ತುಕಡಿ’ ಎನ್ನಲಾಗದು.

ತೊಡಕಿರುವುದು ‘ಕದನವಿರಾಮ’ದಲ್ಲಿ. ಇಟಲಿ ಮಿತ್ರರಾಷ್ಟ್ರಗಳೊಂದಿಗಿನ ಒಪ್ಪಂದಕ್ಕೆ ಸೆಪ್ಟೆಂಬರ್ 3ರಂದು ಸಿಸಿಲಿಯ ಕಸ್ಸೀಬಿಲೆಯಲ್ಲಿ ಸಹಿ ಹಾಕಿತು. ಅದನ್ನು 8ರ ಸಂಜೆ ರೇಡಿಯೊದಲ್ಲಿ ಪ್ರಕಟಿಸಿದ ಪ್ರಧಾನಿ ಬದೋಲ್ಯೊ, ಬ್ರಿಟಿಷ್ ಮತ್ತು ಅಮೆರಿಕನ್ ಪಡೆಗಳ ಮೇಲೆ ಇನ್ನು ಗುಂಡು ಹಾರಿಸಬೇಡಿ, ಬೇರೆ ಯಾರೇ ದಾಳಿ ಮಾಡಿದರೂ ಎದುರಿಸಿ ಎಂದರು. ಆಕ್ವಿಯವರ ಘೋರ ಕದನ ಶುರುವಾದದ್ದೇ ಆಮೇಲೆ. ಆಯುಧ ಒಪ್ಪಿಸಿ ಎಂದು ಅದುವರೆಗೆ ಇಟಲಿಯ ಜೊತೆಗಾರರಾಗಿದ್ದ ಜರ್ಮನ್ನರು ಪಟ್ಟುಹಿಡಿದರು. ಆಕ್ವಿಯ ಮುಖ್ಯಸ್ಥ ಜನರಲ್ ಗಾಂದಿನ್ ದಿನಗಟ್ಟಲೆ ಮಾತುಕತೆ ನಡೆಸಿದರು, ಕೊನೆಗೆ ಸೈನಿಕರ ಅಭಿಪ್ರಾಯವನ್ನೇ ಕೇಳಿದರು. ಸೇನೆಗಳಲ್ಲಿ ಇಂಥದ್ದು ಅಪರೂಪ. ಹೆಚ್ಚಿನವರು ಆಯುಧ ಕೊಡಲು ಒಪ್ಪಲಿಲ್ಲ. 15ರಿಂದ ಭೀಕರ ಕಾಳಗ ನಡೆದು 22ರಂದು ಡಿವಿಷನ್ ಶರಣಾಯಿತು. ಇವರು ದ್ರೋಹಿಗಳು, ಈ ದ್ವೀಪದಲ್ಲಿ ಕೈದಿಗಳನ್ನು ಹಿಡಿಯಕೂಡದು ಎಂಬ ಆದೇಶ ಅಷ್ಟರಲ್ಲೇ ಜರ್ಮನ್ ಸೇನಾ ವರಿಷ್ಠರಿಂದ ಬಂದಿತ್ತು. 24ರಂದು ಗಾಂದಿನ್ ಅವರನ್ನೂ ಅನೇಕ ಅಧಿಕಾರಿಗಳನ್ನೂ ಗುಂಡಿಟ್ಟು ಕೊಂದರು.

ನನ್ನ ಅಂಜಿಕೆ ಇಷ್ಟು. ನಮ್ಮ ಪತ್ರಿಕೆಗಳಲ್ಲಿ ‘ಕದನವಿರಾಮ’ದ ಬೆನ್ನಿಗೇ ‘ಉಲ್ಲಂಘನೆ’ ಬರುತ್ತದೆ. ಆ ಪದ ಬಳಸಿದರೆ, ಆಕ್ವಿಯವರು ಜರ್ಮನ್ನರ ಮೇಲೆ ಗುಂಡು ಹಾರಿಸಿದ್ದೇ ಉಲ್ಲಂಘನೆ ಎಂದು ಓದುಗರು ತಿಳಿದಾರು. ಕೊಂದವರು ಹೊರಿಸಿದ ಆರೋಪಕ್ಕೆ ನಾವೇ ಸಾಕ್ಷಿ ಹೇಳಿದಂತಾಗುತ್ತದೆ. ‘ಸಂಧಿ’ ತೀರಾ ಮೃದು. ‘ಶರಣಾಗತಿ ಒಪ್ಪಂದ’ ವಾಸ್ತವಕ್ಕೆ ಹತ್ತಿರ, ಆದರೆ ಮುಂದೆ 22ರ ಶರಣಾಗತಿಯೂ ಬರುವುದರಿಂದ ಎರಡೂ ಕಲಸಿಹೋಗುತ್ತವೆ. ಸದ್ಯಕ್ಕೆ ‘ಮಿತ್ರರಾಷ್ಟ್ರಗಳೊಂದಿಗೆ ಯುದ್ಧನಿಲುಗಡೆ ಒಪ್ಪಂದ’ ಎಂದು ಬರೆದಿದ್ದೇನೆ. ಉದ್ದವಾಯಿತು, ಆದರೂ ಯಾರೊಂದಿಗೆ ಎಂಬುದನ್ನು ಬಿಡಲು ಮನಸ್ಸು ಒಪ್ಪುತ್ತಿಲ್ಲ.

ಇನ್ನೊಂದು ಮಾತು: ಶರಣಾದ ಮೇಲೆ ಗುಂಡಿಗೆ ಬಲಿಯಾದವರಿಗೆ ‘ಮಡಿದರು’, ‘ವೀರಮರಣ’ ಯಾವುದನ್ನೂ ನಾನು ಬಳಸುತ್ತಿಲ್ಲ, ‘ಕೊಂದರು’ ಎಂದೇ ಬರೆಯುತ್ತಿದ್ದೇನೆ.

1943ರ ಕನ್ನಡ ಪತ್ರಿಕೆಗಳು ಇಟಲಿಯ ಈ ಒಪ್ಪಂದಕ್ಕೆ ಯಾವ ಪದ ಬಳಸಿದ್ದವು? ಹಳೆಯ ಸಂಚಿಕೆಗಳನ್ನು ಕಂಡವರು ದಯವಿಟ್ಟು ತಿಳಿಸಿ.