‘ನೌಕರಿ ಆದ ಮೇಲೆ’ ಎಂದು ಮುಂದೂಡುತ್ತಿರುವ ಗುರಿಗಳು: ಎಲ್ಲಿಂದ ಆರಂಭಿಸಲಿ?

ವರದಾತೀರ

ಹಾವೇರಿ ಜಿಲ್ಲೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಏಳು ವರ್ಷಗಳಿಂದ ಕನ್ನಡದ ಅತಿಥಿ ಉಪನ್ಯಾಸಕಿಯಾಗಿ ಕೆಲಸ ಮಾಡುತ್ತಿದ್ದೇನೆ. ವಯಸ್ಸು 33, ಐದು ವರ್ಷದ ಮಗಳಿದ್ದಾಳೆ. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಬೇಕಾದ ರಾಜ್ಯದ ಅರ್ಹತಾ ಪರೀಕ್ಷೆ ಕೆ-ಸೆಟ್ ಅನ್ನು ಎರಡು ಸಲ ಬರೆದೆ. ಎರಡನೆಯ ಸಲ ಕಟ್‌ಆಫ್‌ಗೆ ನಾಲ್ಕೇ ಅಂಕ ಕಡಿಮೆಯಾಯಿತು.

ಪ್ರತಿ ಜನವರಿಯಲ್ಲಿ ಡೈರಿಯ ಮೊದಲ ಪುಟದಲ್ಲಿ ಆ ವರ್ಷದ ಗುರಿಗಳನ್ನು ಬರೆದಿಡುವುದು ನನ್ನ ರೂಢಿ. ಕಳೆದ ವಾರ ಕಪಾಟು ಒರೆಸುವಾಗ ನಾಲ್ಕು ವರ್ಷಗಳ ಡೈರಿಗಳು ಒಟ್ಟಿಗೆ ಸಿಕ್ಕವು. ನಾಲ್ಕರಲ್ಲೂ ಇದ್ದದ್ದು ಅವೇ ಸಾಲುಗಳು: ಕೆ-ಸೆಟ್, ಕಾಯಂ ನೌಕರಿ, ಪಿಎಚ್.ಡಿ., ಅಮ್ಮನ ಮನೆಯ ಮಾಡು ರಿಪೇರಿ, ಬಿಟ್ಟುಹೋದ ಸಂಗೀತ. ಕೊನೆಯ ಎರಡರ ಮುಂದೆ ಪ್ರತಿ ವರ್ಷವೂ ಆವರಣದಲ್ಲಿ ‘ನೌಕರಿ ಆದ ಮೇಲೆ’ ಎಂದು ಬರೆದುಕೊಂಡಿದ್ದೇನೆ. ಅದನ್ನು ನೋಡಿ ಬಹಳ ಹೊತ್ತು ಸುಮ್ಮನೆ ಕುಳಿತುಬಿಟ್ಟೆ. ವೃತ್ತಿಯ ಗುರಿಯೇ ಕೈಗೂಡದಿರುವಾಗ ಉಳಿದವುಗಳಿಗೆ ಸಮಯ ಕೊಡುವುದು ಸರಿಯೇ? ಇವುಗಳನ್ನು ಯಾವ ಕ್ರಮದಲ್ಲಿ ಇಟ್ಟುಕೊಳ್ಳಬೇಕು? ಅನುಭವಸ್ಥರು ದಯವಿಟ್ಟು ತಿಳಿಸಿ.

ಹಳೆಯ ಮೇಷ್ಟ್ರು

ಮೇಡಂ, ನಾನು ನಿವೃತ್ತ ಪ್ರಾಂಶುಪಾಲ. ನಿಮ್ಮಂಥ ಅನೇಕರನ್ನು ಹತ್ತಿರದಿಂದ ನೋಡಿದ್ದೇನೆ, ಆದ್ದರಿಂದ ಕಳಕಳಿಯಿಂದ ಬರೆಯುತ್ತಿದ್ದೇನೆ.

ನಿಮ್ಮ ಪಟ್ಟಿಯಲ್ಲಿ ಕಾಯಂ ನೌಕರಿ ಎಂಬುದು ಗುರಿಯಲ್ಲ, ಫಲ. 2021ರಲ್ಲಿ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ ಅರ್ಜಿ ಕರೆದರು. ಹುದ್ದೆ ತುಂಬುವುದು ಯಾವಾಗ, ಎಷ್ಟು ಎಂಬುದನ್ನು ಸರ್ಕಾರ ನಿರ್ಧರಿಸುತ್ತದೆಯೇ ಹೊರತು ನಾವಲ್ಲ. ಕೆ-ಸೆಟ್ ಕೂಡ ಪೂರ್ತಿಯಾಗಿ ನಿಮ್ಮ ಕೈಯಲ್ಲಿಲ್ಲ. ಎರಡೂ ಪತ್ರಿಕೆಗಳನ್ನು ಬರೆದವರಲ್ಲಿ ಶೇ. 6ರಷ್ಟು ಅಭ್ಯರ್ಥಿಗಳನ್ನು ಮಾತ್ರ ಅರ್ಹರೆಂದು ಘೋಷಿಸುವುದರಿಂದ, ಉಳಿದವರು ಹೇಗೆ ಬರೆದರು ಎಂಬುದರ ಮೇಲೆ ಕಟ್‌ಆಫ್ ಏರುತ್ತದೆ, ಇಳಿಯುತ್ತದೆ. ನಿಮ್ಮ ಕೈಯಲ್ಲಿರುವುದು 300 ಅಂಕಗಳಲ್ಲಿ ನೀವು ಗಳಿಸುವ ಅಂಕ ಮಾತ್ರ.

ನಾಲ್ಕು ಅಂಕವೆಂದರೆ ಎರಡು ಪ್ರಶ್ನೆ. ಆ ಎರಡು ಪ್ರಶ್ನೆಗಳು ಎಲ್ಲಿ ಹೋದವು ಎಂದು ನೋಡಿದ್ದೀರಾ? ಭಾಷಾ ವಿಷಯದವರು ಎರಡನೆಯ ಪತ್ರಿಕೆಯ 100 ಪ್ರಶ್ನೆಗಳಿಗೆ ಹಗಲಿರುಳು ಓದಿ, ಎಲ್ಲ ವಿಷಯದವರಿಗೂ ಸಮಾನವಾಗಿರುವ ಮೊದಲ ಪತ್ರಿಕೆಯ 50 ಪ್ರಶ್ನೆಗಳನ್ನು ಅದೃಷ್ಟಕ್ಕೆ ಬಿಡುವುದನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ಡೈರಿಯಲ್ಲಿ ‘ಕೆ-ಸೆಟ್’ ಎಂದು ಬರೆಯುವ ಬದಲು ‘ಪ್ರತಿ ಭಾನುವಾರ ಮೂರು ಗಂಟೆ ಕುಳಿತು ಒಂದು ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತೇನೆ, ತಪ್ಪಿದ್ದನ್ನು ಬೇರೆ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ’ ಎಂದು ಬರೆಯಿರಿ.

ಬೆಳವಲದ ಹುಡುಗಿ

ಅಕ್ಕಾ, ಮೇಷ್ಟ್ರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಗುರಿಗಳ ಬಗ್ಗೆ ದಶಕಗಳ ಕಾಲ ಸಂಶೋಧನೆ ಮಾಡಿದ ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ಎಂಬ ಮನೋವಿಜ್ಞಾನಿಗಳು, ‘ಆದಷ್ಟು ಚೆನ್ನಾಗಿ ಮಾಡು’ ಎಂಬ ಮಾತಿಗಿಂತ ಸ್ಪಷ್ಟವೂ ತುಸು ಕಠಿಣವೂ ಆದ ಗುರಿಯೇ ಹೆಚ್ಚು ಕೆಲಸ ಮಾಡಿಸುತ್ತದೆ ಎಂದು ತೋರಿಸಿದ್ದಾರೆ. ಆದರೆ ಇನ್ನೂ ಕೈಗೆ ಹತ್ತದ ವಿದ್ಯೆಯಲ್ಲಿ ‘ಇಷ್ಟು ಅಂಕ’ ಎಂಬ ಗುರಿಗಿಂತ ‘ಇದನ್ನು ಕಲಿಯುತ್ತೇನೆ’ ಎಂಬ ಗುರಿ ಒಳ್ಳೆಯದು. ನನಗೆ ತರ್ಕದ ಪ್ರಶ್ನೆಗಳು ಬರುತ್ತಲೇ ಇರಲಿಲ್ಲ. ಅಂಕದ ಲೆಕ್ಕ ಬಿಟ್ಟು, ತಿಂಗಳಿಗೆ ಒಂದು ಬಗೆಯ ಪ್ರಶ್ನೆ ಕಲಿಯುವುದೆಂದು ನಿಶ್ಚಯಿಸಿದ ಮೇಲೆಯೇ ಮೂರನೆಯ ಯತ್ನದಲ್ಲಿ ಪಾಸಾದೆ.

ಮಕ್ಕಳಿರುವ ಮನೆಯಲ್ಲಿ ವೇಳಾಪಟ್ಟಿ ಮುರಿಯುವುದು ಸಹಜ, ಹಾಗಾಗಿ ಮುರಿದಾಗ ಏನು ಮಾಡಬೇಕೆಂಬುದನ್ನೂ ಮೊದಲೇ ಬರೆದಿಡಬೇಕು. ಬೆಳಿಗ್ಗೆ ಐದರಿಂದ ಆರೂಕಾಲರವರೆಗೆ ನನ್ನ ಓದು. ಮಗ ಎದ್ದುಬಿಟ್ಟರೆ ಆ ದಿನ ಮಧ್ಯಾಹ್ನ ಸ್ಟಾಫ್‌ರೂಮಿನಲ್ಲಿ ಬುತ್ತಿ ಉಂಡ ಮೇಲೆ ಇಪ್ಪತ್ತು ನಿಮಿಷ. ಇದನ್ನು ಚೀಟಿಯಲ್ಲಿ ಬರೆದು ಒಲೆಯ ಪಕ್ಕದ ಗೋಡೆಗೆ ಅಂಟಿಸಿದ್ದೆ. ಒಗ್ಗರಣೆಯ ಎಣ್ಣೆ ಸಿಡಿದು ಆ ಚೀಟಿ ಹಳದಿಯಾಗಿತ್ತು, ಆದರೆ ಓದು ನಿಲ್ಲಲಿಲ್ಲ.

ಪಿಎಚ್.ಡಿ.ಗೆ ಈಗಲೇ ಅವಸರಪಡಬೇಡಿ. 2023ರ ಜುಲೈನಿಂದ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ರಾಷ್ಟ್ರಮಟ್ಟದ ನೆಟ್ ಅಥವಾ ರಾಜ್ಯಮಟ್ಟದ ಸೆಟ್ ಪರೀಕ್ಷೆಯನ್ನೇ ಕನಿಷ್ಠ ಅರ್ಹತೆಯಾಗಿಸಿ ಪಿಎಚ್.ಡಿ.ಯನ್ನು ಐಚ್ಛಿಕಗೊಳಿಸಿದೆ. ನೋಂದಾಯಿಸಿದ ಮೇಲೂ ಮೂರರಿಂದ ಆರು ವರ್ಷದ ಅವಧಿ ಇರುತ್ತದೆ, ಮರುನೋಂದಣಿಯಿಂದ ಇನ್ನೆರಡು ವರ್ಷ ಸಿಗುತ್ತದೆ, ಮಹಿಳೆಯರಿಗೆ ಅದರ ಮೇಲೂ ಎರಡು ವರ್ಷದ ವಿನಾಯಿತಿ ಇದೆ.

ಅಮ್ಮನ ಮನೆಯ ಮಾಡನ್ನು ಮಾತ್ರ ನೌಕರಿಗೆ ಗಂಟು ಹಾಕಬೇಡಿ. ಮಳೆ ನೌಕರಿಗಾಗಿ ಕಾಯುವುದಿಲ್ಲ.

ಹೊಸ ದಾರಿ

ಮೇಲಿನ ಇಬ್ಬರೂ ಹೇಳದ ಒಂದು ಮಾತನ್ನು ನಾನು ಹೇಳಲೇಬೇಕು. ಗುರಿಗೆ ಕೊನೆಯ ದಿನಾಂಕವೂ ಇರಬೇಕು. ನಾನು ಒಂಬತ್ತು ವರ್ಷ ಅತಿಥಿ ಉಪನ್ಯಾಸಕನಾಗಿದ್ದೆ. ಬೇಸಿಗೆ ರಜೆಯಲ್ಲಿ ಗೌರವಧನ ಬಾರದ ತಿಂಗಳುಗಳಲ್ಲಿ ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಹೆಸರು ಬರೆಸಿದ್ದೇನೆ. ಪ್ರತಿ ವರ್ಷವೂ ‘ಇದೊಂದು ವರ್ಷ ನೋಡೋಣ’ ಎನ್ನುತ್ತಿದ್ದೆ. ಕೊನೆಗೆ ಹೆಂಡತಿಯೊಂದಿಗೆ ಕುಳಿತು, 38 ತುಂಬುವವರೆಗೆ ಪೂರ್ಣ ಪ್ರಯತ್ನ, ಅಷ್ಟರೊಳಗೆ ಇನ್ನೊಂದು ಕೆಲಸವನ್ನೂ ಕಲಿಯುವುದು ಎಂದು ತೀರ್ಮಾನಿಸಿದೆ. ರಜೆಗಳಲ್ಲಿ ಕರಡು ತಿದ್ದುವ ಕೆಲಸ ಹಿಡಿದೆ, ಆಮೇಲೆ ಅನುವಾದಕ್ಕೆ ಕೈಹಾಕಿದೆ. ಈಗ ಬೆಂಗಳೂರಿನಲ್ಲಿ ಅದೇ ನನ್ನ ವೃತ್ತಿ. ಪಾಠ ಮಾಡುವುದನ್ನು ಬಿಟ್ಟದ್ದಕ್ಕೆ ಇಂದಿಗೂ ದುಃಖವಿದೆ, ಆದರೆ ಆ ನಿರ್ಧಾರವನ್ನು ನಾನೇ ತೆಗೆದುಕೊಂಡೆನೆಂಬ ಸಮಾಧಾನವೂ ಇದೆ.

ಹಣದ ವಿಷಯ: ಅಂಚೆ ಕಚೇರಿಯ ಆರ್.ಡಿ.ಯನ್ನು (ಪ್ರತಿ ತಿಂಗಳು ಕಟ್ಟುವ ಉಳಿತಾಯ ಖಾತೆ) ತಿಂಗಳಿಗೆ 100 ರೂಪಾಯಿಯಿಂದಲೂ ತೆರೆಯಬಹುದು, ಅವಧಿ ಐದು ವರ್ಷ. ತಿಂಗಳಿಗೆ 1,000 ಕಟ್ಟಿದರೆ ಬಡ್ಡಿ ಬಿಟ್ಟೇ 60,000 ಆಗುತ್ತದೆ. ರಜೆಯ ತಿಂಗಳುಗಳಲ್ಲೂ ಕಟ್ಟಬಲ್ಲಷ್ಟು ಮೊತ್ತವನ್ನೇ ಇಟ್ಟುಕೊಳ್ಳಿ.

ವರದಾತೀರ

ಮೂವರಿಗೂ ಮನಸಾರೆ ವಂದನೆಗಳು. ಮೇಷ್ಟ್ರೇ, ನೀವು ಕೇಳಿದ ಮೇಲೆ ನಿನ್ನೆ ರಾತ್ರಿ ಕೀ ಉತ್ತರಗಳನ್ನು ಹಿಡಿದು ಕುಳಿತೆ. ಮೊದಲ ಪತ್ರಿಕೆಯಲ್ಲಿ ನಾನು ಐದು ಪ್ರಶ್ನೆಗಳನ್ನು ಖಾಲಿ ಬಿಟ್ಟಿದ್ದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವೆಂಬುದು ಗೊತ್ತಿದ್ದರೂ ಸಮಯ ಸಾಲದೆ ಬಿಟ್ಟವು ಅವು. ಐದೂ ಅಂಕಿ ಅಂಶಗಳ ಕೋಷ್ಟಕಕ್ಕೆ ಸೇರಿದವು. ಈ ಆರು ತಿಂಗಳು ಮೊದಲು ಅದನ್ನೇ ಕಲಿಯುತ್ತೇನೆ. ಕೊನೆಯ ದಿನಾಂಕದ ಬಗ್ಗೆ ಮನೆಯವರೊಂದಿಗೆ ಇನ್ನೂ ಮಾತಾಡಬೇಕಿದೆ, ಆ ಮಾತು ಸುಲಭವಲ್ಲ.

ಅಮ್ಮನಿಗೆ ಫೋನ್ ಮಾಡಿದ್ದೆ. ಮಾಡನ್ನು ಪೂರ್ತಿ ಬದಲಿಸುವಷ್ಟು ಹಣ ಇಲ್ಲ, ಆದರೆ ಮೇ ಮೊದಲ ವಾರದಲ್ಲಿ ಹೆಂಚು ಕೈಯಾಡಿಸಿ, ಒಡೆದವನ್ನು ಬದಲಿಸಲು ಕೆಲಸದವರಿಗೆ ಹೇಳಿದ್ದೇವೆ. ಎಷ್ಟು ಹೆಂಚು ಬೇಕಾಗಬಹುದೆಂದು ಅಮ್ಮ ಆಗಲೇ ಎಣಿಸಿಟ್ಟಿದ್ದರು.