ಮೀನುಗಾರಿಕೆಯನ್ನು ಸರ್ಕಾರವೇ ನಡೆಸಬೇಕೇ?

ಪ್ರಶ್ನೆ (ಚನ್ನಗಿರಿ ತಾಲ್ಲೂಕಿನಿಂದ):
ನಮಸ್ಕಾರ. ನಮ್ಮೂರು ಸೂಳೆಕೆರೆಗೆ ಹತ್ತಿರ. ಸುತ್ತಲಿನ ಸಣ್ಣ ಕೆರೆಗಳಲ್ಲಿ ಗುತ್ತಿಗೆಯ ಅವಧಿ ಮುಗಿಯುತ್ತ ಬಂದಂತೆ ಸಣ್ಣ ಕಣ್ಣಿನ ಬಲೆ ಬೀಸಿ ಮರಿಗಳನ್ನೂ ಬಿಡದೆ ಬಳಿದುಕೊಂಡು ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದೋಣಿ, ಬಲೆ, ಮಾರಾಟ ಎಲ್ಲವನ್ನೂ ಸರ್ಕಾರವೇ ವಹಿಸಿಕೊಂಡು, ಬೆಸ್ತರಿಗೆ ತಿಂಗಳ ಸಂಬಳ ಗೊತ್ತುಮಾಡಿದರೆ, ಕೆರೆಯಲ್ಲಾಗಲಿ ಕಡಲಿನಲ್ಲಾಗಲಿ ಮೀನಿನ ಸಂತತಿ ಉಳಿಯುವುದಿಲ್ಲವೇ?

ಉತ್ತರ 1 (ದಾವಣಗೆರೆ):
ತಮ್ಮ ಕಳವಳ ನ್ಯಾಯವಾದದ್ದು. ಆದರೆ ಹಿಡಿಯುವವನೂ ಸರ್ಕಾರ, ಲೆಕ್ಕ ನೋಡುವವನೂ ಸರ್ಕಾರ ಎಂದಾದಾಗ ತಪ್ಪನ್ನು ತಡೆಯುವವರೇ ಇರುವುದಿಲ್ಲ. ಸೋವಿಯತ್ ಒಕ್ಕೂಟದ ತಿಮಿಂಗಿಲ ಬೇಟೆಯ ಹಡಗುಗಳೆಲ್ಲ ಸರ್ಕಾರದವೇ ಆಗಿದ್ದವು. ಯೋಜನೆಯ ಗುರಿ ಮುಟ್ಟಿಸುವ ಒತ್ತಡದಲ್ಲಿ ಅವು ಅಂತರರಾಷ್ಟ್ರೀಯ ಮಿತಿಯನ್ನು ಮೀರಿ ಬೇಟೆಯಾಡಿ, ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ತಿಮಿಂಗಿಲಗಳನ್ನು ಲೆಕ್ಕದಿಂದ ಮರೆಮಾಚಿದ ಸಂಗತಿಯನ್ನು 1990ರ ದಶಕದಲ್ಲಿ ಅಲ್ಲಿನ ವಿಜ್ಞಾನಿಗಳೇ ಹೊರಗೆಡಹಿದರು. ಪೆರು ದೇಶವೂ 1973ರಲ್ಲಿ ಆಂಚೋವಿ ಮೀನಿನ ಉದ್ಯಮವನ್ನು ರಾಷ್ಟ್ರೀಕರಿಸಿ, ಮೂರೇ ವರ್ಷಗಳಲ್ಲಿ ದೋಣಿಗಳನ್ನು ಮರಳಿ ಖಾಸಗಿಯವರಿಗೆ ಒಪ್ಪಿಸಬೇಕಾಯಿತು.

ಉತ್ತರ 2 (ಹಿರಿಯೂರು):
ಕೆರೆಗೂ ಕಡಲಿಗೂ ಒಂದೇ ಅಳತೆಗೋಲು ಒಗ್ಗದು ಎಂಬುದು ನನ್ನ ಅಭಿಪ್ರಾಯ. ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಹರಿಯುವ ನೀರನ್ನು ಬಯಸುವಂಥವು. ನಿಂತ ನೀರಿನ ಕೆರೆಯಲ್ಲಿ ಅವು ಸಾಮಾನ್ಯವಾಗಿ ಮರಿಮಾಡುವುದಿಲ್ಲವಾದ್ದರಿಂದ ವರ್ಷವರ್ಷವೂ ಮರಿ ಬಿಡಲೇಬೇಕು. 1957ರಲ್ಲಿ ಹೀರಾಲಾಲ್ ಚೌಧುರಿಯವರು ಹಾರ್ಮೋನು ಚುಚ್ಚುಮದ್ದಿನಿಂದ ಈ ಗೆಂಡೆ ಮೀನುಗಳಿಂದ ಮೊಟ್ಟೆ ಇಡಿಸಿದ ಮೇಲೆಯೇ ಮರಿಗಳು ಬೇಕಾದಷ್ಟು ದೊರೆಯುವ ದಾರಿ ತೆರೆಯಿತು. ಹೀಗಾಗಿ ಕೆರೆಯ ಮೀನು ಹೊಲದ ಬೆಳೆಯಂತೆ. ಬಿತ್ತಿದವನಿಗೆ ಕೊಯ್ಲಿನ ಭರವಸೆ ಬೇಕು. ಸರ್ಕಾರ ಒಳ್ಳೆಯ ಮರಿ ಒದಗಿಸಿ, ಬಲೆಯ ಕಣ್ಣಿನ ಅಳತೆ ಪರಿಶೀಲಿಸಿ, ಊರಿನ ಬೆಸ್ತರ ಸಹಕಾರ ಸಂಘಕ್ಕೇ ದೀರ್ಘಾವಧಿಗೆ ಹಕ್ಕು ಕೊಟ್ಟರೆ, ಕೊನೆಯ ವರ್ಷದಲ್ಲಿ ಬಳಿದುಕೊಂಡು ಹೋಗುವ ಆತುರ ತಾನಾಗಿ ಕಡಿಮೆಯಾಗುತ್ತದೆ. ಕಡಲಿನಲ್ಲಿ ಯಾರೂ ಬಿತ್ತುವುದಿಲ್ಲ, ಎಲ್ಲರೂ ಹಿಡಿಯುತ್ತಾರೆ. ಅಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳನ್ನು ದಡದಲ್ಲಿ ನಿಲ್ಲಿಸುವಂಥ ಕೆಲಸವನ್ನು ಸರ್ಕಾರವಲ್ಲದೆ ಇನ್ನಾರೂ ಮಾಡಲಾರರು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಬಿತ್ತನೆಯ ವಿಚಾರ ನನಗೆ ಹೊಳೆದಿರಲಿಲ್ಲ. ಆದರೆ ಬರ ಬಿದ್ದು ಕೆರೆ ಒಣಗಿದ ವರ್ಷ ಸಂಘದವರು ಏನು ಮಾಡಬೇಕು? ಸಂಬಳವಾದರೆ ಅಂಥ ವರ್ಷವೂ ಬರುತ್ತದೆ.

ಉತ್ತರ 2 (ಹಿರಿಯೂರು):
ಇದು ನಿಜವಾದ ಕಷ್ಟ. ನಮ್ಮ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಇಂಥ ಸೀಮೆಯಲ್ಲಿ ನೀರು ಇಲ್ಲದ ವರ್ಷವೂ ಗುತ್ತಿಗೆಯ ಹಣವನ್ನು ಪೂರ್ತಿ ಕಟ್ಟಬೇಕೆನ್ನುವುದು ಅನ್ಯಾಯ. ಮಳೆಗಾಲ ಮುಗಿದಾಗ ಕೆರೆಯಲ್ಲಿ ನಿಂತ ನೀರಿನ ಮಟ್ಟ ನೋಡಿ ಆ ವರ್ಷದ ಗುತ್ತಿಗೆ ಹಣವನ್ನು ನಿಗದಿ ಮಾಡಲಿ, ಒಣಗಿದ ವರ್ಷ ಪೂರ್ತಿ ಬಿಟ್ಟುಬಿಡಲಿ.