‘ಸ್ವಿಚ್ ತೆಗೆದು ಹಾಕು’ ಅಂದ್ರೆ ಏನು ಮಾಡಬೇಕು?

ಎಲ್ಲರಿಗೂ ನಮಸ್ಕಾರ.

ಒಂದು ಪದದ ವಿಷಯ ಕೇಳಬೇಕಿತ್ತು. ನಿಜ ಹೇಳಬೇಕಂದ್ರೆ ಒಂದಲ್ಲ, ನಾಲ್ಕೈದಿವೆ. ಆದರೆ ಎಡವಟ್ಟು ಆಗಿದ್ದು ಒಂದರಿಂದ, ಅದನ್ನೇ ಮೊದಲು ಹೇಳಿಬಿಡ್ತೀನಿ.

ನಾನು ಕೋಲಾರದಲ್ಲಿ ಒಂದು ಟೊಮೇಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಇಷ್ಟು ದಿನ ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಅಷ್ಟೇ ಇತ್ತು. ಈ ಸೀಸನ್‌ಗೆ ಇನ್ನೊಂದು ಕಂಪ್ಯೂಟರ್ ಬಂತು, ಎರಡು ಕ್ಯಾಮೆರಾ ಬಂದವು. ಇಂಟರ್ನೆಟ್ ಡಬ್ಬದಲ್ಲಿ ಅಷ್ಟು ವೈರಿಗೆ ಜಾಗ ಇಲ್ಲ, ಒಂದು ಸ್ವಿಚ್ ತಗೊಳ್ಳಿ ಅಂತ ಅಂಗಡಿಯವರು ಹೇಳಿದರು. ಅಂಗೈಗಿಂತ ಸ್ವಲ್ಪ ದೊಡ್ಡದು, ಎಂಟು ತೂತು, ಒಂದು ಅಡಾಪ್ಟರ್. ಜೀವನದಲ್ಲಿ ಮೊದಲ ಸಲ ಇಂಥದ್ದಕ್ಕೆ ಕೈ ಹಾಕಿದ್ದು. ಮಧ್ಯಾಹ್ನ ಹರಾಜು ಮುಗಿದು ಹಮಾಲರೆಲ್ಲ ಊಟಕ್ಕೆ ಹೋದ ಮೇಲೆ ಕೂತೆ. ಸೆಟ್ಟಿಂಗು, ಪಾಸ್‌ವರ್ಡು ಎಲ್ಲ ಕೇಳುತ್ತೆ ಅಂತ ಹೆದರಿದ್ದೆ, ಏನೂ ಕೇಳಲಿಲ್ಲ. ಕರೆಂಟ್ ಕೊಟ್ಟೆ. ಪ್ರತಿ ವೈರಿನ ತುದಿಯನ್ನೂ ಟಕ್ ಅನ್ನೋವರೆಗೂ ಒತ್ತಿದೆ. ಆ ತುದಿಗೆ ಒಂದು ಸಣ್ಣ ಪ್ಲಾಸ್ಟಿಕ್ ನಾಲಗೆ ಇರುತ್ತಲ್ಲ, ಅದು ಒಳಗೆ ಕಚ್ಚಿಕೊಂಡಾಗ ಟಕ್ ಅನ್ನುತ್ತೆ. ಒಂದು ವೈರಿನ ನಾಲಗೆ ಮುರಿದಿತ್ತು, ಅದು ಮಾತ್ರ ಕೈ ತಗುಲಿದರೆ ಜಾರಿ ಬರ್ತಿತ್ತು, ಅದಕ್ಕೆ ಟೇಪ್ ಸುತ್ತಿದೆ. ಹಸಿರು ಲೈಟು ಬಂತು. ಇಷ್ಟೇನಾ ಅನ್ನಿಸ್ತು.

ಮಾರನೇ ಬೆಳಗ್ಗೆ ನಾನಿನ್ನೂ ಮನೆಯಲ್ಲೇ ಇದ್ದೆ. ಮಂಡಿಯಿಂದ ಹುಡುಗ ಫೋನ್ ಮಾಡಿದ. “ಅಣ್ಣಾ, ಪಟ್ಟಿ ಬರ್ತಿಲ್ಲ.” ಪಟ್ಟಿ ಅಂದ್ರೆ ರೈತರಿಗೆ ಕೊಡುವ ಬಿಲ್ಲು. ಎಷ್ಟು ಬಾಕ್ಸು, ಏನು ರೇಟು, ಕಮಿಷನ್ ಎಷ್ಟು ಹೋಯ್ತು, ಎಲ್ಲ ಅದರಲ್ಲಿರುತ್ತೆ. ಅದು ಕೈಗೆ ಬರದೆ ಯಾವ ರೈತರೂ ಅಲ್ಲಾಡಲ್ಲ. ನಾನು ಸಲೀಸಾಗಿ ಹೇಳಿದೆ: “ಆ ಹೊಸ ಸ್ವಿಚ್ ಒಂದ್ಸಲ ತೆಗೆದು ಹಾಕಪ್ಪ, ಸರಿಹೋಗುತ್ತೆ.”

ನನ್ನ ಮನಸ್ಸಲ್ಲಿ ಇದ್ದಿದ್ದು ಕರೆಂಟ್ ಆರಿಸಿ ಮತ್ತೆ ಕೊಡು ಅಂತ. ಅವನು ಏನು ಮಾಡಿದ ಗೊತ್ತಾ? ಎಲ್ಲ ವೈರನ್ನೂ ಕಿತ್ತು, ಸ್ವಿಚ್ಚನ್ನು ಗೋಡೆಯಿಂದ ಬಿಚ್ಚಿ ತಂದು ಮೇಜಿನ ಡ್ರಾಯರ್‌ನಲ್ಲಿ ಇಟ್ಟ. “ನೀವೇ ತೆಗೆದುಹಾಕು ಅಂದ್ರಲ್ಲಣ್ಣಾ” ಅಂದ. ತಪ್ಪು ಅವನದಲ್ಲ. ‘ಕೆಲಸದಿಂದ ತೆಗೆದುಹಾಕಿದರು’ ಅಂತೀವಿ, ‘ಹೆಸರು ತೆಗೆದುಹಾಕಿದರು’ ಅಂತೀವಿ. ಬರೆಯುವಾಗ ನಡುವೆ ಜಾಗ ಬಿಟ್ಟರೆ ತೆಗೆದು ಮತ್ತೆ ಹಾಕು, ಬಿಡದಿದ್ದರೆ ಕಿತ್ತೊಗೆ. ಆ ಜಾಗ ಫೋನಿನಲ್ಲಿ ಕೇಳಿಸಲ್ಲ ಅಲ್ವಾ? ಅವನ ಮನೆಮಾತು ತೆಲುಗು. ಅದರಲ್ಲೂ ‘ತೀಸೆಯ್’ ಅಂದರೆ ತೆಗೆದುಬಿಡು ಅಂತಲೇ.

ಇದರ ಮೇಲೆ ‘ಹಾಕು’ ಬೇರೆ. ನಮ್ಮ ಕಡೆ ‘ಸ್ವಿಚ್ ಹಾಕು’ ಅಂದರೆ ಲೈಟು ಹತ್ತಿಸು. ‘ಗೋಡೆಗೆ ಸ್ವಿಚ್ ಹಾಕಿಸಿದೆ’ ಅಂದರೆ ಎಲೆಕ್ಟ್ರಿಷಿಯನ್ ಬಂದು ಕೂರಿಸಿ ಹೋದ. ‘ಮಂಡಿಗೆ ಹೊಸ ಸ್ವಿಚ್ ಹಾಕಿದೀವಿ’ ಅಂದರೆ ಈ ಡಬ್ಬ. ಒಂದೇ ‘ಹಾಕು’, ಒಂದೇ ‘ಸ್ವಿಚ್’, ಅರ್ಥ ಮಾತ್ರ ಮೂರು. ಮಜಾ ಅಂದರೆ ಈ ಡಬ್ಬಕ್ಕೆ ಆನ್-ಆಫ್ ಮಾಡೋಕೆ ಸ್ವಿಚ್ಚೇ ಇಲ್ಲ, ಅಡಾಪ್ಟರ್ ಕೀಳಬೇಕು ಅಷ್ಟೇ.

ಕತೆ ಅಲ್ಲಿಗೆ ಮುಗೀಲಿಲ್ಲ. ನಾನು ಬೈದದ್ದಕ್ಕೆ ಅವನು ಎಲ್ಲ ವಾಪಸ್ ಸಿಕ್ಕಿಸಿದ. ಮೇಜಿನ ಕೆಳಗೆ ಒಂದು ಉದ್ದ ವೈರಿನ ತುದಿ ಸುಮ್ನೆ ಬಿದ್ದಿತ್ತಂತೆ, ಸ್ವಿಚ್ಚಿನಲ್ಲಿ ಒಂದು ತೂತು ಖಾಲಿ ಇತ್ತಂತೆ, ಪಾಪ ಖಾಲಿ ಯಾಕೆ ಬಿಡೋದು ಅಂತ ತುರುಕಿದ. ಆ ವೈರಿನ ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲೇ ಇತ್ತು. ನಾನು ಹೋಗಿ ನೋಡಿದಾಗ ಎಲ್ಲ ಲೈಟೂ ಒಟ್ಟಿಗೆ ಪಟಪಟ ಬಡ್ಕೊಳ್ತಿತ್ತು, ಜಾತ್ರೆಯ ಸೀರಿಯಲ್ ಸೆಟ್ಟಿನ ಹಾಗೆ. ಪ್ರಿಂಟರ್ ಇಲ್ಲ, ಕ್ಯಾಮೆರಾ ಇಲ್ಲ, ಇಂಟರ್ನೆಟ್ಟೂ ಇಲ್ಲ. ಅವತ್ತು ಪಟ್ಟಿ ಎಲ್ಲ ಕೈಯಲ್ಲೇ ಬರೆದೆವು. ಆ ಒಂದು ತುದಿ ಕಿತ್ತ ತಕ್ಷಣ ಎಲ್ಲ ಸರಿಹೋಯ್ತು, ಆದರೆ ಯಾವ ತುದಿ ಅಂತ ಹುಡುಕೋಕೆ ಒಂದು ಗಂಟೆ ಹಿಡೀತು.

ಮಂಡಿ ಯಜಮಾನರು ಈಗ ಹೇಳ್ತಿದಾರೆ, ಹುಡುಗರಿಗೆ ಅರ್ಥ ಆಗೋ ಹಾಗೆ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿ ಅಂತ. ಬರೆಯೋಕೆ ಕೂತರೆ ಮೊದಲ ಸಾಲಿಗೇ ನಿಂತುಹೋದೆ. ಈ ವಸ್ತುವನ್ನ ಏನಂತ ಕರೆಯೋದು?

ಸ್ವಿಚ್ ಅಂತಲೇ ಇರಲಿ ಅನ್ನಬಹುದು. ಮೇಲಿನ ಕತೆ ಕೇಳಿದ ಮೇಲೂ ಹಾಗೆ ಅನ್ನೋರಿದ್ದರೆ ಕೈ ಮುಗೀತೀನಿ. ಫೋನಿನಲ್ಲಿ ಅನುವಾದಕ್ಕೆ ಹಾಕಿ ನೋಡಿದೆ, ಸ್ವಿಚ್ ಅನ್ನೋದಕ್ಕೆ ‘ಬದಲಿಸಿ’ ಅಂತು. ‘ಖಾತೆ ಬದಲಿಸಿ’ ಅಂತ ಬರುತ್ತಲ್ಲ, ಅದು. ಪೋರ್ಟಿಗೆ, ಅಂದರೆ ವೈರ್ ಸಿಕ್ಕಿಸೋ ತೂತಿಗೆ, ‘ಬಂದರು’ ಅಂತು. ಮಂಗಳೂರಲ್ಲಿ ಒಂದು, ಕಾರವಾರದಲ್ಲಿ ಒಂದು, ನಮ್ಮ ಮಂಡಿ ಗೋಡೆ ಮೇಲೆ ಎಂಟು ಬಂದರು! ‘ಜಾಲ’ ಅಂತ ಸೇರಿಸಿ ಏನಾದರೂ ಕಟ್ಟೋಣ ಅಂದ್ರೆ, ಮಂಡಿಯಲ್ಲಿ ಜಾಲ ಅಂದರೆ ಯಾರೋ ಯಾರಿಗೋ ಬೀಸಿದ್ದು ಅಂತಲೇ ಅರ್ಥ.

ಇಂಗ್ಲಿಷಿನಲ್ಲಾದರೂ ಈ ಹೆಸರು ಸರಿಯಾಗಿದೆಯಾ ಅಂತ ಸ್ವಲ್ಪ ಕೆದಕಿದೆ. ಅಲ್ಲಿ ಸ್ವಿಚ್ ಅಂದರೆ ಮೊದಲು ತೆಳ್ಳನೆ ಕೋಲು, ಕುದುರೆಗೆ ಹೊಡೆಯೋ ಛಡಿ. ಆಮೇಲೆ ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ದಾಟೋ ಜಾಗಕ್ಕೆ ಆ ಮಾತು ಬಂತು, ಆಮೇಲೆ ಕರೆಂಟಿಗೆ, ಟೆಲಿಫೋನಿಗೆ. ಕಂಪ್ಯೂಟರ್‌ಗಳನ್ನು ಸೇರಿಸುವ ಈ ಪೆಟ್ಟಿಗೆಗೆ ಹಳೆಯ ಹೆಸರು ಬ್ರಿಡ್ಜ್, ಅಂದರೆ ಸೇತುವೆ. ಇದರ ನಿಯಮ ಬರೆದಿದ್ದ 802.1ಡಿ ಅನ್ನೋ ಹಳೆಯ ದಾಖಲೆ ಇದನ್ನ ಬ್ರಿಡ್ಜ್ ಅಂತಲೇ ಕರೆಯುತ್ತಿತ್ತು. ಹಲವು ಪೋರ್ಟಿನ ಸೇತುವೆಯನ್ನು ಸ್ವಿಚ್ ಅಂತ ಮೊದಲು ಮಾರಿದ್ದು ಅಮೆರಿಕದ ಒಂದು ಸಣ್ಣ ಕಂಪನಿ, 1990ರ ಹೊತ್ತಿಗೆ. ಅದಕ್ಕೆ ಏಳು ಪೋರ್ಟ್ ಇತ್ತು. ಆ ಕಂಪನಿ ಹೆಸರು ಕೇಳಿದರೆ ನಗ್ತೀರಿ: ಕಲ್ಪನಾ! ಕಟ್ಟಿದವರಲ್ಲಿ ಒಬ್ಬರು ವಿನೋದ್ ಭಾರದ್ವಾಜ್, ಹೆಂಡತಿಯ ಹೆಸರನ್ನೇ ಕಂಪನಿಗೆ ಇಟ್ಟರು. 1994ರಲ್ಲಿ ಅದನ್ನ ಸಿಸ್ಕೋ ಅನ್ನೋ ದೊಡ್ಡ ನೆಟ್‌ವರ್ಕ್ ಕಂಪನಿ ಕೊಂಡುಕೊಂಡಿತು. ಅಂದರೆ ಸ್ವಿಚ್ ಅನ್ನೋದು ಒಂಥರಾ ಅಂಗಡಿ ಹೆಸರು. ಅವರು ಮಾರೋಕೆ ಒಂದು ಹೆಸರು ಇಟ್ಟುಕೊಂಡರು, ನಾವು ಬಳಸೋಕೆ ಒಂದು ಇಟ್ಟುಕೊಂಡರೆ ಏನು ತಪ್ಪು?

ನನ್ನ ತಲೆಯಲ್ಲಿ ಇರೋ ಮಾತು ‘ನೀರಗಂಟಿ’.

ನಮ್ಮೂರು ಶ್ರೀನಿವಾಸಪುರದ ಕಡೆ. ಕೆರೆಯ ತೂಬು ಎತ್ತಿ, ಇವತ್ತು ಈ ಬಯಲಿಗೆ, ನಾಳೆ ಆ ಬಯಲಿಗೆ ಅಂತ ನೀರು ತಿರುಗಿಸುವ ಕೆಲಸ ನೀರಗಂಟಿಯದು. ಯಾವ ಗದ್ದೆ ಯಾರದು ಅಂತ ಅವನಿಗೆ ಬಾಯಿಪಾಠ. ನಮ್ಮಜ್ಜಿ ಹೇಳೋರು, ನೀರಗಂಟಿ ಹತ್ತಿರ ಯಾರೂ ಜಗಳ ಆಡ್ತಿರಲಿಲ್ಲ ಅಂತ. ಈಗಲೂ ಪಂಚಾಯ್ತಿಯಲ್ಲಿ ವಾಲ್ವ್ ತಿರುಗಿಸಿ ಬೀದಿ ಬೀದಿಗೆ ನೀರು ಬಿಡೋರನ್ನ ನೀರಗಂಟಿ ಅಂತೀವಿ. ವಾಟರ್‌ಮ್ಯಾನ್ ಅನ್ನೋದೂ ಇದೆ. ಸ್ವಿಚ್ ಮಾಡೋದೂ ಇಂಥದ್ದೇ ಕೆಲಸ. ಬಂದಿದ್ದನ್ನ ಯಾವ ಬಾಯಿಗೆ ಬಿಡಬೇಕೋ ಅಲ್ಲಿಗೆ ಬಿಡುತ್ತೆ, ಸಾಮಾನ್ಯವಾಗಿ ಪಕ್ಕದ ಬಾಯಿಗೆ ಹನಿಯೂ ಹೋಗಲ್ಲ.

ಒಂದು ಪದ ಹಿಡಿದರೆ ಉಳಿದವೂ ತಾವಾಗೇ ಎದ್ದು ಬರ್ತವೆ. ಪೋರ್ಟು ‘ತೂಬು’. ಇಂಟರ್ನೆಟ್ ಡಬ್ಬದಿಂದ ಬರೋ ದೊಡ್ಡ ವೈರನ್ನ ಹುಡುಗರು ಮೇನ್ ಅಂತಾರೆ, ಅದು ಕೆರೆಗೆ ನೀರು ತರೋ ‘ರಾಜಕಾಲುವೆ’. ಎರಡೂ ತುದಿ ಒಂದಕ್ಕೇ ಸಿಕ್ಕಿಸಿದಾಗ ಆಗಿದ್ದು ‘ಸುಳಿ’. ಈ ಕೊನೆಯದು ನನಗೆ ತುಂಬಾ ಇಷ್ಟ ಆಯ್ತು. ಇಂಗ್ಲಿಷಿನಲ್ಲಿ ಇದಕ್ಕೆ ಲೂಪ್ ಅಂತಾರೆ, ಲೂಪ್ ಅಂದರೆ ಉಂಗುರ, ಉಂಗುರದಲ್ಲಿ ಭಯ ಇಲ್ಲ. ಸುಳಿ ಅಂದ ತಕ್ಷಣ ಹಳ್ಳಿ ಹುಡುಗ ಕಾಲು ಹಿಂದಕ್ಕೆ ತೆಗೀತಾನೆ.

ಆದರೆ ನನಗೇ ಎರಡು ಅನುಮಾನ ಇವೆ, ಮುಚ್ಚಿಡಲ್ಲ.

ಮೊದಲನೇದು, ನೀರಿಗೆ ವಿಳಾಸ ಇರಲ್ಲ. ಈ ತುಣುಕು ಇಂಥ ಗದ್ದೆಗೇ ಹೋಗಬೇಕು ಅಂತ ನೀರಿನ ಮೇಲೆ ಬರೆದಿರಲ್ಲ. ಸ್ವಿಚ್ಚಿನೊಳಗೆ ಹೋಗೋ ಮಾಹಿತಿಯ ಪ್ರತಿ ತುಣುಕಿನ ಮೇಲೂ ಯಾರಿಂದ, ಯಾರಿಗೆ ಅಂತ ಎರಡು ವಿಳಾಸ ಇರುತ್ತೆ. ‘ಯಾರಿಂದ’ ಅನ್ನೋದನ್ನ ನೋಡಿ ನೋಡಿ, ಯಾರು ಯಾವ ತೂತಲ್ಲಿದ್ದಾರೆ ಅಂತ ಸ್ವಿಚ್ಚು ತಾನೇ ಕಲಿಯುತ್ತೆ. ಸಾಮಾನ್ಯವಾಗಿ 5 ನಿಮಿಷ ಯಾರಾದರೂ ಮಾತೇ ಆಡದಿದ್ದರೆ ಅವರನ್ನ ಮರೆಯುತ್ತೆ. ಇದು ನೋಡಿದರೆ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸೋರ ಕೆಲಸ. ಅಥವಾ ನಮ್ಮ ಮಂಡಿ ಕೆಲಸವೇ. 15 ಕೆಜಿ ಬಾಕ್ಸಿನ ಮೇಲೆ ಬಣ್ಣದಲ್ಲಿ ಎರಡಕ್ಷರ ಬರೆದಿರುತ್ತೆ, ಅದನ್ನ ನೋಡಿ ಹಮಾಲ ಯಾವ ಲಾರಿಗೆ ಅಂತ ಎತ್ತಿ ಹಾಕ್ತಾನೆ, ಒಳಗೆ ಹಣ್ಣು ಹೇಗಿದೆ ಅಂತ ಅವನು ನೋಡಲ್ಲ. ಹಾಗಂತ ಸ್ವಿಚ್ಚಿಗೆ ‘ಹಮಾಲ’ ಅಂತ ಹೆಸರಿಟ್ಟರೆ ನಾಳೆ ಮಂಡಿಯಲ್ಲಿ ನಾನಿರಲ್ಲ.

ಎರಡನೇದು, ಇವತ್ತಿನ ಹುಡುಗರಿಗೆ ತೂಬು ಗೊತ್ತಾ? ನಮ್ಮ ಹುಡುಗನನ್ನ ಕೇಳಿದೆ. “ಕೇಳಿದೀನಿ ಅಣ್ಣ, ನೋಡಿಲ್ಲ” ಅಂದ. ಅವನು ಹುಟ್ಟಿದ ಮೇಲೆ ಕೆರೆ ನೀರು ಗದ್ದೆಗೆ ಹರಿದಿದ್ದನ್ನ ಅವನು ಕಂಡೇ ಇಲ್ಲ, ಬೋರ್‌ವೆಲ್ ಕಾಲದವನು. 2018ರಿಂದ ಕೆ.ಸಿ. ವ್ಯಾಲಿ ನೀರು ಬಂದು ಕೋಲಾರದ ಕೆರೆಗಳು ತುಂಬಿದವು ನಿಜ. ಆದರೆ ಅದು ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ, ಅಂತರ್ಜಲಕ್ಕೆ ಇಂಗಲಿ ಅಂತ ಬಿಡೋ ನೀರು, ತೂಬು ಎತ್ತಿ ಹರಿಸೋಕಲ್ಲ. ಹಾಗಾಗಿ ಕೆರೆ ವಾಪಸ್ ಬಂತು, ತೂಬು ಅನ್ನೋ ಮಾತು ಬರಲಿಲ್ಲ. ಇದಕ್ಕೆ ಹೋಲಿಸಿದರೆ ಕಿಂಡಿ ವಾಸಿ ಅನ್ನಿಸುತ್ತೆ, ಅದು ಎಲ್ಲರಿಗೂ ಗೊತ್ತು. ಆದರೆ ಕಿಂಡಿಯಲ್ಲಿ ಇಣುಕಿ ನೋಡ್ತಾರೆ, ಏನನ್ನೂ ಸಿಕ್ಕಿಸಲ್ಲ. ಹುಡುಗರ ಬಾಯಲ್ಲಿ ಇರೋದು ‘ತೂತು’. ಹಾಳೆಯಲ್ಲಿ ‘ತೂತು’ ಅಂತ ಬರೆದರೆ ಯಜಮಾನರು ಒಪ್ತಾರಾ ಅಂತ ಬೇರೆ ಯೋಚನೆ.

ಇನ್ನೊಂದು ಪದ ಮಾತ್ರ ಅನುಮಾನವೇ ಇಲ್ಲದೆ ಸಿಕ್ಕಿತು. ಯಾರು ಎಲ್ಲಿದ್ದಾರೆ ಅಂತ ಗೊತ್ತಿಲ್ಲದಾಗ, ಅಥವಾ ತುಣುಕಿನ ಮೇಲೆ ‘ಎಲ್ಲರಿಗೂ’ ಅಂತಲೇ ಬರೆದಿದ್ದಾಗ, ಸ್ವಿಚ್ಚು ಅದನ್ನ ಬಂದ ತೂತೊಂದನ್ನು ಬಿಟ್ಟು ಉಳಿದ ಎಲ್ಲ ತೂತಿಗೂ ಕಳಿಸುತ್ತೆ. ಇದಕ್ಕೆ ‘ಡಂಗುರ’ ಅನ್ನೋದಕ್ಕಿಂತ ಬೇರೆ ಮಾತು ಬೇಕಾ? ಸುಳಿ ಯಾಕೆ ಆಗುತ್ತೆ ಅಂತಲೂ ಇದರಲ್ಲೇ ಹೇಳಬಹುದು. ಡಂಗುರದವನು ಊರು ಸುತ್ತಿ ಬಂದು ತನ್ನ ದನಿಯನ್ನೇ ಕೇಳಿಸಿಕೊಂಡು, ಓ ಏನೋ ಹೊಸ ಸುದ್ದಿ ಅಂತ ಮತ್ತೆ ತಮಟೆ ಹೊಡೆಯೋಕೆ ಶುರು ಮಾಡಿದ ಹಾಗೆ. ಇಷ್ಟು ಸುತ್ತು ಆದ ಮೇಲೆ ಸಾಕು ಅಂತ ಆ ತುಣುಕಿನ ಮೇಲೆ ಎಲ್ಲೂ ಬರೆದಿರಲ್ಲ, ಅದಕ್ಕೇ ನಿಲ್ಲಲ್ಲ. ಇಂಥ ಸುಳಿಯನ್ನ ಸ್ವಿಚ್ಚು ತಾನೇ ಕಂಡುಹಿಡಿದು ಒಂದು ದಾರಿ ಮುಚ್ಚಿಬಿಡೋ ಉಪಾಯವನ್ನ ರೇಡಿಯಾ ಪರ್ಲ್‌ಮನ್ ಅನ್ನೋ ಹೆಣ್ಣುಮಗಳು 1985ರಲ್ಲೇ ಕೊಟ್ಟಿದ್ದಾರೆ. ನಾವು ತಂದ ಅಗ್ಗದ ಡಬ್ಬದಲ್ಲಿ ಅದು ಇಲ್ಲ, ಅಷ್ಟೇ.

ಸದ್ಯಕ್ಕೆ ಹಾಳೆಯಲ್ಲಿ ಹೀಗೆ ಬರೆದಿದ್ದೇನೆ:

“ಪಟ್ಟಿ ಬರದಿದ್ದರೆ ನೀರಗಂಟಿ ಡಬ್ಬದ ಕರೆಂಟ್ ವೈರ್ ಮಾತ್ರ ಕೀಳಿ. ಹತ್ತು ಎಣಿಸಿ. ಮತ್ತೆ ಸಿಕ್ಕಿಸಿ. ಬೇರೆ ವೈರ್ ಮುಟ್ಟಬೇಡಿ. ತೂತು ಖಾಲಿ ಇದ್ದರೆ ಖಾಲಿಯೇ ಇರಲಿ. ಎಲ್ಲ ಲೈಟು ಒಟ್ಟಿಗೆ ಬಡ್ಕೊಂಡರೆ ಸುಳಿ ಬಿದ್ದಿದೆ, ನನಗೆ ಫೋನ್ ಮಾಡಿ.”

ನೋಡಿ, ‘ತೆಗೆ’ ಇಲ್ಲ, ‘ಹಾಕು’ ಇಲ್ಲ, ‘ಸ್ವಿಚ್’ ಕೂಡ ಇಲ್ಲ. ಕೀಳು, ಸಿಕ್ಕಿಸು, ಎರಡೇ ಕ್ರಿಯಾಪದದಲ್ಲಿ ಕೆಲಸ ಮುಗೀತು. ಹುಡುಗ ಓದಿ ನಕ್ಕ. ಅವರೆಲ್ಲ ಆಗಲೇ ಇದಕ್ಕೆ ‘ಲೈಟ್ ಡಬ್ಬ’ ಅಂತ ಹೆಸರಿಟ್ಟುಬಿಟ್ಟಿದ್ದಾರಂತೆ.

ಈಗ ನೀವು ಹೇಳಬೇಕಾದ್ದು ಇಷ್ಟು. ನಿಮ್ಮ ಕಡೆ ನೀರಗಂಟಿ ಅನ್ನೋ ಮಾತು ಇನ್ನೂ ಬಳಕೆಯಲ್ಲಿದೆಯಾ, ಇದ್ದರೆ ಒಬ್ಬ ಮನುಷ್ಯರು ಮಾಡೋ ಕೆಲಸದ ಹೆಸರನ್ನ ಡಬ್ಬಕ್ಕೆ ಇಟ್ಟರೆ ಅವರಿಗೆ ಬೇಜಾರಾಗುತ್ತಾ? ಲೈಟ್ ಡಬ್ಬ ಅಂತಲೇ ಬಿಟ್ಟುಬಿಡಲಾ? ಮತ್ತೆ, ದೀಪ ಆರಿಸೋದಕ್ಕೆ ಧಾರವಾಡದ ಕಡೆ, ಮಂಗಳೂರಿನ ಕಡೆ ಏನಂತಾರೆ? ‘ಸ್ವಿಚ್ ತೆಗೆ’ ಅಂದರೆ ಅಲ್ಲಿ ಆರಿಸ್ತಾರಾ, ಇಲ್ಲ ನಮ್ಮ ಹುಡುಗನ ಹಾಗೆ ಸ್ಕ್ರೂಡ್ರೈವರ್ ತರ್ತಾರಾ?